ಪ್ಲೇಗಿನ ವರ್ಷದ ಪ್ರೇಮಕಥೆ: ಊರು ಬಿಟ್ಟವರ ಗುಡಿಸಲಿಗೆ ಹೊಸ್ತಿಲು ಇರುತ್ತದೆಯೇ?

ಶಹಾಪುರದ ಸೊಸೆ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಕಾದಂಬರಿಯ ಬೆನ್ನು ಹತ್ತಿದ್ದೇನೆ. 1898ರ ಬೆಳಗಾವಿ, ಪ್ಲೇಗು, ಅದರ ನಡುವೆ ಒಂದು ಪ್ರೇಮಕಥೆ. ಮೊದಲ ಕರಡು ಮುಗಿದಿದೆ. ಯಜಮಾನರು ಓದಿ "ಚೆನ್ನಾಗಿದೆ" ಎಂದರು. ಅವರು ಉಪ್ಪಿಟ್ಟಿಗೂ ಇದೇ ಮಾತು ಹೇಳುವುದರಿಂದ ಇಲ್ಲಿಗೆ ಬಂದಿದ್ದೇನೆ.

ಇದು ಎಲ್ಲಿಂದ ಹುಟ್ಟಿತು ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯ ಬಚ್ಚಲಿನಲ್ಲಿ ಒಂದು ತಾಮ್ರದ ಹಂಡೆ ಇದೆ. ಅದರ ಹೊಟ್ಟೆಯ ಮೇಲೆ ಅಂಗೈಯಷ್ಟು ಅಗಲದ ತಗ್ಗು. ಮದುವೆಯಾಗಿ ಬಂದ ಹೊಸತರಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಅತ್ತೆಯವರನ್ನು ಕೇಳಿದ್ದೆ. "ಅದು ಇಲಿ ಬಿದ್ದ ವರ್ಷದ್ದು" ಎಂದರು. ಮನೆಯಲ್ಲಿ ಇಲಿಗಳು ಸತ್ತು ಬೀಳತೊಡಗಿದ ಕೂಡಲೇ ಓಣಿಗೆ ಓಣಿಯೇ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಗುಡಿಸಲು ಹಾಕಿತಂತೆ. ಹಂಡೆ ಚಕ್ಕಡಿಯಿಂದ ಉರುಳಿ ಕಲ್ಲಿಗೆ ಬಡಿಯಿತಂತೆ. ಎತ್ತಿ ಕೊಟ್ಟವನು ಪಕ್ಕದ ಗುಡಿಸಲಿನ ಹುಡುಗ. ಅತ್ತೆಯವರ ಅಜ್ಜಿ ಈ ಮಾತು ಹೇಳುವಾಗಲೆಲ್ಲ ನಗುತ್ತಿದ್ದರಂತೆ, ಮುಂದಿನದನ್ನು ಹೇಳುತ್ತಿರಲಿಲ್ಲವಂತೆ. ಆ ಹುಡುಗ ನಮ್ಮ ಮನೆಯ ಅಜ್ಜನಲ್ಲ ಎಂಬುದಷ್ಟೇ ನಮಗೆ ಗೊತ್ತು.

ಎರಡನೆಯ ಬೀಜ ದೂರದ್ದು. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಈಮ್ ಎಂಬ ಹಳ್ಳಿ ಇದೆ. 1665ರಲ್ಲಿ ಲಂಡನ್ನಿನಿಂದ ದರ್ಜಿಯ ಮನೆಗೆ ಬಂದ ಬಟ್ಟೆಯ ಗಂಟಿನೊಂದಿಗೆ ಅಲ್ಲಿಗೆ ಪ್ಲೇಗು ಬಂತು. ಮರುವರ್ಷ, ಪಾದ್ರಿಯ ಮಾತಿಗೆ ಒಪ್ಪಿ, ಊರಿನವರು ತಾವಾಗಿಯೇ ಗಡಿ ಹಾಕಿಕೊಂಡರು. ಹೆಚ್ಚು ಕಡಿಮೆ ಯಾರೂ ಹೊರಗೆ ಹೋಗಲಿಲ್ಲ. ಗಡಿಕಲ್ಲಿನ ಕುಳಿಗಳಲ್ಲಿ ವಿನೆಗರ್ ತುಂಬಿ ಅದರೊಳಗೆ ನಾಣ್ಯ ಇಡುತ್ತಿದ್ದರು, ಹೊರಗಿನವರು ದಿನಸಿ ಇಟ್ಟು ಹೋಗುತ್ತಿದ್ದರು. ಸುಮಾರು 260 ಜನ ಸತ್ತರು. ಆ ಊರಿನ ಎಮ್ಮಟ್ ಎಂಬ ಹುಡುಗಿಗೆ ಪಕ್ಕದ ಊರಿನ ರೋಲಂಡ್ ಎಂಬವನ ಜೊತೆ ಮದುವೆ ಗೊತ್ತಾಗಿತ್ತು. ಇಬ್ಬರೂ ಕಣಿವೆಯ ಆಚೆ ಈಚೆ ನಿಂತು ಮಾತಿಲ್ಲದೆ ಒಬ್ಬರನ್ನೊಬ್ಬರು ನೋಡಿ ಹೋಗುತ್ತಿದ್ದರು ಎಂದು ಅಲ್ಲಿಯ ಜನ ಹೇಳುತ್ತಾರೆ. 1666ರ ಏಪ್ರಿಲ್ ಕೊನೆಗೆ ಅವಳು ಬರುವುದು ನಿಂತಿತು.

ಇದನ್ನು ಓದಿದ ದಿನ ನನಗೆ ನಮ್ಮ ಓಣಿ ನೆನಪಾಯಿತು. ಶಹಾಪುರ ಆಗ ಸಾಂಗ್ಲಿ ಸಂಸ್ಥಾನದ್ದು, ಬೆಳಗಾವಿ ಇಂಗ್ಲಿಷರದ್ದು. ಇವತ್ತು ರಿಕ್ಷಾ ಹತ್ತುವಷ್ಟರಲ್ಲಿ ಇಳಿಯುವಷ್ಟು ದೂರ, ಆಗ ಎರಡು ಸರ್ಕಾರ. ನನ್ನ ಕಥೆಯಲ್ಲಿ ಆ ಗಡಿಯೇ ಕಣಿವೆ.

ನನ್ನ ನಂಬಿಕೆ ಇಷ್ಟು. ಊರೊಳಗೆ ಹೊಸ್ತಿಲು ದಾಟದ ಹುಡುಗಿ ಹೊಲದ ಗುಡಿಸಲಿಗೆ ಬಂದಾಗ ಅಲ್ಲಿ ಹೊಸ್ತಿಲೇ ಇಲ್ಲ. ಪ್ಲೇಗು ಜನರನ್ನು ಕೊಂದಿತು ನಿಜ, ಆದರೆ ಗೋಡೆಗಳನ್ನೂ ಕೆಡವಿತು. ನಾಯಕಿಗೆ 18 ವರ್ಷ, ಮದುವೆಯಾಗಿಲ್ಲ. ನಾಯಕ ಪುಣೆಯಿಂದ ಬಂದ ಹಾಸ್ಪಿಟಲ್ ಅಸಿಸ್ಟೆಂಟ್, ಅಂದರೆ ಸರ್ಕಾರಿ ಡಾಕ್ಟರರ ಕೈಕೆಳಗಿನ ವೈದ್ಯ ಸಹಾಯಕ, ಇಲಿಯ ಚಿಗಟದಿಂದ ರೋಗ ಬರುತ್ತದೆ ಎಂದು ಜನರಿಗೆ ತಿಳಿಸಿ ಹೇಳುವವನು. ಎಲ್ಲಿ ಎಡವಿದ್ದೇನೆ, ಹೇಳಿ.

ಹಳೇ ಕಾಗದ:

ತಂಗೀ, ಹಂಡೆ ಚೆನ್ನಾಗಿದೆ, ನಾಯಕ ಚೆನ್ನಾಗಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಇತಿಹಾಸ ಹೇಳಿದವನು ನಾನು, ಕೆಂಪು ಶಾಯಿಯ ಚಟ ಇನ್ನೂ ಹೋಗಿಲ್ಲ. ಬೇಸರ ಮಾಡಿಕೊಳ್ಳಬೇಡಿ.

ಚಿಗಟದಿಂದ ಶುರು ಮಾಡೋಣ. ಪ್ಲೇಗಿನ ಸೂಕ್ಷ್ಮಾಣುವನ್ನು ಯೆರ್ಸಿನ್ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದು 1894ರಲ್ಲಿ. ಅದು ಇಲಿಯಿಂದ ಮನುಷ್ಯನಿಗೆ ಚಿಗಟದ ಮೂಲಕ ದಾಟುತ್ತದೆ ಎಂದು ಸಿಮೋನ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ. ಆದರೆ ದೊಡ್ಡ ದೊಡ್ಡ ವೈದ್ಯರೇ ಆತನ ಮಾತಿಗೆ ಸೊಪ್ಪು ಹಾಕಲಿಲ್ಲ. ಅದು ಒಪ್ಪಿತವಾಗುವ ಹೊತ್ತಿಗೆ ಹತ್ತಿರ ಹತ್ತಿರ ಹತ್ತು ವರ್ಷ ಕಳೆದಿತ್ತು. ಅಂಥದ್ದರಲ್ಲಿ ನಿಮ್ಮ ಹಾಸ್ಪಿಟಲ್ ಅಸಿಸ್ಟೆಂಟನಿಗೆ ಬೆಳಗಾವಿಯ ಹೊಲದಲ್ಲಿ ಕುಳಿತು ಅದು ಗೊತ್ತಾದದ್ದು ಹೇಗೆ? ಅವನ ಕಾಲದ ನಂಬಿಕೆ ಬೇರೆ. ರೋಗ ನೆಲದಲ್ಲಿದೆ, ಕೊಳಕಿನಲ್ಲಿದೆ, ಬಟ್ಟೆಯಲ್ಲಿದೆ, ಕೆಟ್ಟ ಗಾಳಿಯಲ್ಲಿದೆ. ಅದಕ್ಕಾಗಿ ಸುಣ್ಣ ಬಳಿಯುತ್ತಿದ್ದರು, ಕಾರ್ಬಾಲಿಕ್ ಆಮ್ಲ ಸುರಿಯುತ್ತಿದ್ದರು, ಬಿಸಿಲು ಬೀಳಲಿ ಎಂದು ಹಂಚು ತೆಗೆಸುತ್ತಿದ್ದರು, ಹಾಸಿಗೆ ಸುಡುತ್ತಿದ್ದರು. ಒಳ್ಳೆಯ ಮನುಷ್ಯನಾಗಿದ್ದುಕೊಂಡೇ ಅವನು ಯಾರದೋ ಮನೆಯ ಕೌದಿಗೆ ಬೆಂಕಿ ಇಡಬೇಕು. ಅಲ್ಲಿದೆ ನಿಮ್ಮ ಕಥೆ. ಎಲ್ಲ ತಿಳಿದ ನಾಯಕನನ್ನು ಇಟ್ಟುಕೊಂಡು ಏನು ಮಾಡುತ್ತೀರಿ?

ಇನ್ನು ಪುಣೆಯಿಂದ ಬಂದವನು ಎಂದಿದ್ದೀರಿ. ಪುಣೆಯಿಂದ ಬಂದವನು ಏನೇನು ಹೊತ್ತು ತಂದಿರುತ್ತಾನೆ ಎಂದು ಲೆಕ್ಕ ಹಾಕಿದ್ದೀರಾ? ಮುಂಬಯಿಯ ಮಾಂಡವಿಯಲ್ಲಿ ರೋಗ ಕಾಣಿಸಿದ್ದು 1896ರ ಸೆಪ್ಟೆಂಬರ್‌ನಲ್ಲಿ. ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂದದ್ದು 1897ರ ಫೆಬ್ರುವರಿಯಲ್ಲಿ. ಪುಣೆಯಲ್ಲಿ ಗೋರಾ ಸಿಪಾಯಿಗಳು ಮನೆಯೊಳಗೆ, ದೇವರಮನೆಯೊಳಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಅದೇ ವರ್ಷದ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡು ಹಾರಿಸಿದರು. ಅದೇ ವರ್ಷ ಮಾರ್ಚ್ 10ರಂದು, ರೋಗಿಗಳ ಆರೈಕೆ ಮಾಡುತ್ತಲೇ ಸಾವಿತ್ರಿಬಾಯಿ ಫುಲೆ ಪ್ಲೇಗಿಗೆ ಬಲಿಯಾದರು. ಇಷ್ಟನ್ನು ಕಂಡೋ ಕೇಳಿಯೋ ಬಂದವನನ್ನು ಬೆಳಗಾವಿಯ ಜನ ಬಾಗಿಲು ತೆರೆದು ಒಳಗೆ ಕರೆಯುತ್ತಾರೆಯೇ? ಅವನ ಕೋಟಿನ ಗುಂಡಿ ಕಂಡರೆ ಮಕ್ಕಳನ್ನು ಕಣಜದಲ್ಲಿ ಬಚ್ಚಿಡುತ್ತಾರೆ.

ಮೂರನೆಯದು ನಾಯಕಿಯ ವಯಸ್ಸು. ಹೆಣ್ಣಿನ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ 1891ರ ಕಾಯ್ದೆಗೇ ದೇಶವೆಲ್ಲ ರಂಪವಾಗಿತ್ತು. ಏಳು ವರ್ಷದ ಮೇಲೆ, ಹೊಸ್ತಿಲು ದಾಟದ ಮನೆತನದಲ್ಲಿ 18 ತುಂಬಿದ ಕನ್ಯೆ! ಓದುಗರು ಪುಸ್ತಕ ಮುಚ್ಚುತ್ತಾರೆ. ಅವಳು ಮದುವೆಯಾದವಳಾಗಿರಬೇಕು, ಇಲ್ಲವೇ ವಿಧವೆ.

ಮಿರಜ್ ಪ್ಯಾಸೆಂಜರ್:

ಗುರುಗಳು ಬಂದರು, ಇನ್ನು ಯಾರಿಗೂ ಪಾಸಿಲ್ಲ.

ನನ್ನದು ರೈಲಿನ ಹುಚ್ಚು. ಪುಣೆಯಿಂದ ಮಿರಜ್, ಮಿರಜ್‌ನಿಂದ ಬೆಳಗಾವಿ, ಲೋಂಡಾ. ಸದರ್ನ್ ಮರಾಠಾ ರೈಲ್ವೆ ಹಾಕಿದ ದಾರಿ ಅದು. ಪ್ಲೇಗಿಗೂ ಟಿಕೆಟ್ಟಿಲ್ಲದೆ ಅದೇ ದಾರಿ ಸಿಕ್ಕಿತು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ರೋಗ ಹೋದದ್ದು ಹುಬ್ಬಳ್ಳಿಯಿಂದ, ರೈಲಿನಲ್ಲಿಯೇ. ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಸಾಲಾಗಿ ನಿಲ್ಲಿಸಿ ಕಂಕುಳು, ತೊಡೆಯ ಸಂದು ಮುಟ್ಟಿ ಗಂಟು ಇದೆಯೇ ಎಂದು ನೋಡುತ್ತಿದ್ದರು. ಹೆಂಗಸರನ್ನೂ ಬಿಡಲಿಲ್ಲ. ನಿಮ್ಮ ಮೊದಲ ಭೇಟಿ ಪ್ಲ್ಯಾಟ್‌ಫಾರ್ಮ್ ಮೇಲೆ ಆಗುವುದಾದರೆ, ಪರೀಕ್ಷೆ ಮಾಡುವ ಕೈ ನಾಯಕನದ್ದಾಗದಿರಲಿ. ಆ ಕೈಯನ್ನು ಯಾವ ಹೆಣ್ಣೂ ಆಮೇಲೆ ಪ್ರೀತಿಸಲಾರಳು.

ಗುಮ್ಮಟದ ನೆರಳು:

ಅಕ್ಕಾ, ಪ್ಲೇಗು ಬೇಕೆಂದರೆ ವಿಜಯಪುರಕ್ಕೆ ಬನ್ನಿ. ನಿಮ್ಮದು ನಿನ್ನೆ ಮೊನ್ನೆಯದು, ನಮ್ಮದು ಬಾದಶಹನ ಕಾಲದ್ದು. 1686ರ ಸೆಪ್ಟೆಂಬರ್‌ನಲ್ಲಿ ನಮ್ಮ ಕೊನೆಯ ಸುಲ್ತಾನ ಸಿಕಂದರ್ ಆದಿಲ್ ಶಾಹ ಔರಂಗಜೇಬನಿಗೆ ಕೋಟೆ ಒಪ್ಪಿಸಿದ. ಸುಮಾರು ಎರಡು ವರ್ಷಕ್ಕೆ ಗೆದ್ದವರ ಬೀಡಿನೊಳಗೇ ಪ್ಲೇಗು ಹೊಕ್ಕಿತು. ಔರಂಗಜೇಬನ ಬೇಗಮ್ ಔರಂಗಾಬಾದಿ ಮಹಲ್ ಇದೇ ಊರಿನಲ್ಲಿ 1688ರಲ್ಲಿ ಅದಕ್ಕೆ ತುತ್ತಾದಳು. ಅವನ ದಂಡನಾಯಕ ಫಿರೋಜ್ ಜಂಗ್ ಬದುಕಿ ಉಳಿದ, ಕಣ್ಣು ಕಳೆದುಕೊಂಡ. ಸೋತ ಊರಿನ ಹುಡುಗಿ, ಗೆದ್ದವರ ಕಡೆಯ ಕುರುಡನಾಗುತ್ತಿರುವ ಸಿಪಾಯಿ. ಬೇರೆ ಏನು ಬೇಕು?

ಇಲಿಯ ವಿಷಯಕ್ಕೆ ಬಂದರೆ, ಜಹಾಂಗೀರ ತನ್ನ ಆತ್ಮಚರಿತ್ರೆಯಲ್ಲಿ ಆಸಫ್ ಖಾನನ ಮಗಳು ಹೇಳಿದ್ದೆಂದು ಒಂದು ಸಂಗತಿ ಬರೆದಿದ್ದಾನೆ. ಅಂಗಳದಲ್ಲಿ ಒಂದು ಇಲಿ ಕುಡಿದವರಂತೆ ಬೀಳುತ್ತ ಏಳುತ್ತ ಬಂತು. ಬೆಕ್ಕು ಅದನ್ನು ಬಾಯಿಗೆ ಹಾಕಿ ಹೇಸಿ ಬಿಟ್ಟಿತು. ಮೊದಲು ಬೆಕ್ಕಿಗೆ ಬೇನೆ ಬಂತು, ಆಮೇಲೆ ಮನೆಯ ಆಳುಗಳಿಗೆ. ಚಿಗಟ ಗೊತ್ತಿರಲಿಲ್ಲ, ಆದರೆ ಕಣ್ಣಿತ್ತು. ಅದೇ ಬೇಕಾದದ್ದು ಕಾದಂಬರಿಗೆ.

ಶಹಾಪುರದ ಸೊಸೆ:

ಗುರುಗಳೇ, ನಾಯಕಿಯ ವಯಸ್ಸಿನ ವಿಷಯದಲ್ಲಿ ಕಿವಿ ಹಿಂಡಿದ್ದು ಸರಿಯಾಯಿತು. ನನಗೂ ಒಳಗೊಳಗೆ ಗೊತ್ತಿತ್ತು, ಅನುಕೂಲಕ್ಕೆಂದು ಕಣ್ಣು ಮುಚ್ಚಿಕೊಂಡಿದ್ದೆ. ಚಿಗಟದ ಪುಟಗಳನ್ನು ನಿನ್ನೆ ರಾತ್ರಿಯೇ ಹರಿದೆ. ಕೌದಿ ಸುಡುವ ಮಾತು ಮಾತ್ರ ನಿದ್ದೆ ಕೆಡಿಸಿತು.

ಗುಮ್ಮಟದ ನೆರಳು ಅವರೇ, ಬಾದಶಹರು ಬಂದರೆ ಕಥೆಯಲ್ಲಿ ಗೋರಿಗಳು ಬರುತ್ತವೆ, ಗೋರಿಗಳು ಬಂದರೆ ಪ್ರೇಮ ಕಲ್ಲಾಗುತ್ತದೆ. ಗೋಳಗುಮ್ಮಟದಲ್ಲಿ ಮಹಮ್ಮದ್ ಆದಿಲ್ ಶಾಹನ ಪಕ್ಕ ಅವನ ಪ್ರೇಯಸಿ ರಂಭೆಯ ಗೋರಿಯೂ ಇದೆ ಎಂದು ಪ್ರವಾಸದ ಗೈಡುಗಳು ದನಿ ಎತ್ತರಿಸಿ ಹೇಳುತ್ತಾರೆ. ಅವಳು ಬೆಳಿಗ್ಗೆ ಎದ್ದು ಏನು ತಿನ್ನುತ್ತಿದ್ದಳು ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. ನನಗೆ ತಿನ್ನುವವಳು ಬೇಕು.

ನವನಗರ ಸೆಕ್ಟರ್:

ನಾನು ಬಾಗಲಕೋಟೆಯವನು, ಮುಳುಗಿದ ಊರಿನವನು. ನಿಮ್ಮ ಮುಖ್ಯ ಮಾತಿಗೇ ನನ್ನ ತಕರಾರು.

ಊರು ಬಿಟ್ಟರೆ ಹೊಸ್ತಿಲು ಹೋಗುತ್ತದೆ ಎಂದಿರಿ. ಆಲಮಟ್ಟಿ ಹಿನ್ನೀರು ಬಂದು ನಾವು ಮನೆ ಖಾಲಿ ಮಾಡುವಾಗ ನಮ್ಮ ಅಪ್ಪ ಮೊದಲು ಕಿತ್ತದ್ದು ಏನು ಗೊತ್ತೇ? ತಲಬಾಗಿಲಿನ ಚೌಕಟ್ಟು, ಹೊಸ್ತಿಲು ಸಮೇತ. ತೇಗದ್ದು, ಕೆಳಗಿನ ಪಟ್ಟಿ ಸವೆದು ನಡುವೆ ಬಟ್ಟಲಿನಂತಾಗಿತ್ತು. ಟ್ರ್ಯಾಕ್ಟರ್‌ನಲ್ಲಿ ಹಾಸಿಗೆಗೂ ಜಾಗವಿರಲಿಲ್ಲ, ಹೊಸ್ತಿಲಿಗಿತ್ತು. ನವನಗರದ ಸಿಮೆಂಟಿನ ಮನೆಗೆ ಅದು ಅಳತೆಗೆ ಕೂಡಲಿಲ್ಲ. ಗೋಡೆ ಒಡೆಸಿ ಕೂಡಿಸಿದರು. ಅಮ್ಮ ಮೊದಲ ದಿನವೇ ಅದಕ್ಕೆ ಅರಿಸಿನ ಹಚ್ಚಿದಳು. ಹಳೆಯ ಊರಿನಲ್ಲಿ ಯಾರು ಅದರ ಹೊರಗೆ ನಿಂತು ಮಾತಾಡುತ್ತಿದ್ದರೋ ಅವರು ಹೊಸ ಊರಿನಲ್ಲಿಯೂ ಹೊರಗೇ ನಿಂತರು.

ಜನ ಮನೆ ಬಿಡುತ್ತಾರೆ ತಾಯೀ, ಹೊಸ್ತಿಲು ಬಿಡುವುದಿಲ್ಲ.

ಖಣದ ಅಂಚು:

ಮೇಲಿನವರು ಮೆಲ್ಲಗೆ ಹೇಳಿದ್ದನ್ನು ನಾನು ಜೋರಾಗಿ ಹೇಳುತ್ತೇನೆ. ನಮ್ಮದು ಗುಳೇದಗುಡ್ಡ, ಮಗ್ಗದ ಮನೆ. ಹೊಲದಲ್ಲಿ ಗೋಡೆ ಬಿದ್ದವು ಎಂದು ಬರೆಯುವವರು ಗುಡಿಸಲುಗಳ ಸಾಲನ್ನು ಒಮ್ಮೆ ನೋಡಿಕೊಳ್ಳಲಿ. ಬಾವಿಯ ಹತ್ತಿರ ಯಾರ ಗುಡಿಸಲು? ಗಾಳಿ ಬೀಸುವ ಕಡೆ ಯಾರದು? ಹಳ್ಳದ ಕೆಳಗೆ ಯಾರದು? ಊರು ಹೇಗೆ ಕುಳಿತಿತ್ತೋ ಹೊಲದಲ್ಲಿಯೂ ಹಾಗೆಯೇ ಕುಳಿತಿತು. ಇಲಿ ಬಿದ್ದ ಮನೆಯ ಕಸ ತೆಗೆದವರು ಯಾರು, ಹೆಣ ಹೊತ್ತವರು ಯಾರು? ನಿಮ್ಮ ಇಡೀ ಕರಡಿನಲ್ಲಿ ಅವರಿಗೆ ಒಂದಾದರೂ ಹೆಸರಿದೆಯೇ?

ಇನ್ನೊಂದು. ಗುರುಗಳು ನಾಯಕಿ ವಿಧವೆಯಾಗಲಿ ಎಂದರು. ವಿಧವೆ ಎಂದ ತಕ್ಷಣ ನಿಮ್ಮ ಕಣ್ಣ ಮುಂದೆ ಕೆಂಪು ಸೀರೆ, ಬೋಳಿಸಿದ ತಲೆ ಬಂದಿರುತ್ತದೆ. ಅದು ಕೆಲವೇ ಮನೆಗಳ ಕಥೆ. ನಮ್ಮ ಭಾಗದ ಎಷ್ಟೋ ಸಮುದಾಯಗಳಲ್ಲಿ ಉಡಿಕಿ ಇತ್ತು. ಗಂಡ ಸತ್ತವಳಿಗೆ, ಬಿಟ್ಟವಳಿಗೆ ಸೀರೆ ಉಡಿಸಿ ಇನ್ನೊಬ್ಬನೊಂದಿಗೆ ಬಾಳು ಕಟ್ಟಿಕೊಡುತ್ತಿದ್ದರು. ಮೊದಲ ಮದುವೆಯ ವಾದ್ಯ, ಮೆರವಣಿಗೆ ಇಲ್ಲ. ಉಡಿಕಿಯಾದವಳನ್ನು ಶುಭಕಾರ್ಯದಲ್ಲಿ ಮುಂದೆ ಕರೆಯುತ್ತಿರಲಿಲ್ಲ ಎಂಬುದೂ ನಿಜ. ಆದರೆ ದಾರಿ ಇತ್ತು. ಪ್ರೇಮಕಥೆ ಎಂದರೆ ದಾರಿಯೇ ಇಲ್ಲದವರ ಕಥೆ ಎಂದು ಯಾಕೆ ತಿಳಿಯುತ್ತೀರಿ? ದಾರಿ ಇದ್ದೂ ಹೋಗಬೇಕೋ ಬೇಡವೋ ಎಂದು ನಿಂತವಳ ಕಥೆ ಇನ್ನೂ ಕಷ್ಟದ್ದು.

ಕೊನೆಗೆ ನಿಮ್ಮ ಹಂಡೆ. ಬೆಳಗಾವಿಯಲ್ಲಿ ಬೋಗಾರ್‌ವೇಸ್ ಎಂಬ ಜಾಗವೇ ಇದೆ, ತಾಮ್ರದ ಪಾತ್ರೆ ಮಾಡುವ ಬೋಗಾರರಿಗೆ ಬರವಿರಲಿಲ್ಲ. ಒಳಗೆ ಕಟ್ಟಿಗೆಯ ಸುತ್ತಿಗೆ ಹಿಡಿದು ಹೊಡೆದರೆ ಅಂಗೈಯಷ್ಟು ತಗ್ಗು ಅರ್ಧ ಗಂಟೆಯ ಕೆಲಸ. ನೂರು ವರ್ಷಕ್ಕೂ ಮಿಕ್ಕಿ ಯಾಕೆ ಯಾರೂ ತಿದ್ದಿಸಲಿಲ್ಲ? ನೀರು ತುಂಬುವ ಪಾತ್ರೆಯನ್ನು ಎತ್ತಿ ಕೊಟ್ಟ ಹುಡುಗ ಯಾವ ಮನೆಯವನು ಎಂದು ನಿಮ್ಮ ಅತ್ತೆಯವರ ಅಜ್ಜಿ ಹೇಳದೆ ನಕ್ಕದ್ದು ಯಾಕೆ? ಪುಣೆಯಿಂದ ಕೋಟು ಹಾಕಿದವನನ್ನು ಕರೆತರುವ ಮೊದಲು ಪಕ್ಕದ ಗುಡಿಸಲಿಗೆ ಹೋಗಿ ಬನ್ನಿ.

ಮಿರಜ್ ಪ್ಯಾಸೆಂಜರ್:

ಎದ್ದು ನಿಂತು ಓದಿದೆ.

ರಾತ್ರಿ ಪಾಳಿ:

ನಾನು ಆಸ್ಪತ್ರೆಯಲ್ಲಿ ಶುಶ್ರೂಷಕಿ, ರಾತ್ರಿ ಪಾಳಿಯಲ್ಲಿ ಇವನ್ನೆಲ್ಲ ಓದುತ್ತೇನೆ. ಕಾದಂಬರಿಗಳಲ್ಲಿ ಪ್ಲೇಗು ಬಂದವರು ಕೆಮ್ಮಿ, ದುಂಡಗೆ ಮಾತಾಡಿ, ಕಣ್ಣು ಮುಚ್ಚುತ್ತಾರೆ. ಅದು ಹಾಗಲ್ಲ.

ಚಿಗಟ ಕಚ್ಚಿ ಎರಡರಿಂದ ಆರು ದಿನಕ್ಕೆ ಒಮ್ಮೆಲೇ ಚಳಿಜ್ವರ. ತೊಡೆಯ ಸಂದಿನಲ್ಲಿ, ಕಂಕುಳಲ್ಲಿ, ಕೆಲವೊಮ್ಮೆ ಕುತ್ತಿಗೆಯಲ್ಲಿ ಗಂಟು. ಅದು ಮುಟ್ಟಗೊಡದಷ್ಟು ನೋಯುತ್ತದೆ. ರೋಗಿ ತೋಳನ್ನು ಮೈಯಿಂದ ದೂರ ಎತ್ತಿ ಹಿಡಿದಿರುತ್ತಾನೆ, ಅಥವಾ ಕಾಲು ಮಡಚಿಕೊಂಡೇ ಮಲಗುತ್ತಾನೆ. ನಡೆದರೆ ಅಮಲೇರಿದವರ ನಡಿಗೆ, ಮಾತು ತೊದಲುತ್ತದೆ, ಕಣ್ಣು ಕೆಂಪು. ಪ್ರೇಮ ನಿವೇದನೆಯ ಉದ್ದನೆಯ ಸಂಭಾಷಣೆಗೆ ಅಲ್ಲಿ ಜಾಗವಿಲ್ಲ. ಗಂಟು ಒಡೆದು ಸೋರಿ ಬದುಕಿಕೊಂಡವರೂ ಇದ್ದರು. ಶ್ವಾಸಕೋಶಕ್ಕೆ ಇಳಿದರೆ ಮಾತ್ರ ಉಸಿರಿನಿಂದ ಉಸಿರಿಗೆ ಹರಡುತ್ತದೆ, ಆಗಿನ ಕಾಲಕ್ಕೆ ಅದು ಬಂದರೆ ಹೆಚ್ಚು ಕಡಿಮೆ ಮುಗಿದಂತೆ. ಇದಕ್ಕೆ ನಾಟುವ ಔಷಧ ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ.

ಹಾಗೆಂದು 1898ರಲ್ಲಿ ಕೈಯಲ್ಲಿ ಏನೂ ಇರಲಿಲ್ಲ ಎಂದಲ್ಲ. ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಲಸಿಕೆ ತಯಾರಿಸಿ 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡಿದ್ದ. ಮರುವರ್ಷ ಹುಬ್ಬಳ್ಳಿ, ಧಾರವಾಡದಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದರು. ಚುಚ್ಚಿದ ಮೇಲೆ ಒಂದೆರಡು ದಿನ ಜ್ವರ, ತೋಳು ಬಾತು ನೋವು. ಯೋಚನೆ ಮಾಡಿ: ನಾಯಕಿಗೆ ಜ್ವರ ಬಂದಿದೆ, ತೋಳು ಎತ್ತಿ ಹಿಡಿದಿದ್ದಾಳೆ. ಅದು ಲಸಿಕೆಯದ್ದೋ ರೋಗದ್ದೋ ಎಂದು ಪಕ್ಕದ ಗುಡಿಸಲಿನವನಿಗೆ ಎರಡು ದಿನ ಗೊತ್ತಾಗುವುದಿಲ್ಲ. ನಾನು ಬರೆಯುವವಳಲ್ಲ, ಆದರೆ ಆ ಎರಡು ದಿನವನ್ನು ನಾನು ಓದುತ್ತೇನೆ.

ಸುಖಾಂತ್ಯದವಳು:

ಎಲ್ಲರೂ ಸೇರಿ ಪಾಪ ಆಕೆಯ ಪ್ರೇಮಕಥೆಯನ್ನು ಆರೋಗ್ಯ ಇಲಾಖೆಯ ವರದಿ ಮಾಡುತ್ತಿದ್ದೀರಿ! ನಾನು ಪ್ರೇಮಕಾದಂಬರಿ ಓದುವವಳು, ನಾಚಿಕೆಯಿಲ್ಲದೆ ಓದುವವಳು. ನನಗೆ ಕೊನೆಯಲ್ಲಿ ಇಬ್ಬರೂ ಬದುಕಿರಬೇಕು. ಸಾವು ಬರೆದರೆ ಗಂಭೀರ, ಬದುಕು ಬರೆದರೆ ಹಗುರ ಎಂಬ ಲೆಕ್ಕ ಯಾರು ಹಾಕಿದರು? ಹಿಂದೂಸ್ಥಾನದಲ್ಲಿ ಆ ಪ್ಲೇಗಿಗೆ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಬದುಕಿದವರು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅವರಲ್ಲಿ ಇಬ್ಬರು ನನಗೆ ಕೊಡಿ.

ನಮ್ಮ ಭಾಗಕ್ಕೆ ಐತಿಹಾಸಿಕ ಕಾದಂಬರಿಯ ರುಚಿ ಹತ್ತಿಸಿದ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಓದುವವರು ವಿದ್ವಾಂಸರಲ್ಲ, ಅಡುಗೆಮನೆಯಲ್ಲಿ ಒಲೆ ಉರಿಯುವಾಗ ನಾಲ್ಕು ಪುಟ ಓದುವವರು ಎಂದು ಅವರಿಗೆ ಗೊತ್ತಿತ್ತು.

ಸ್ಫೂರ್ತಿಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಪ್ಲೇಗು ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು 'ಸಂಸ್ಕಾರ'. ಅನಂತಮೂರ್ತಿಯವರು ಅದನ್ನು ಬರೆದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ ಕುಳಿತು. ಅದಕ್ಕೆ ಕಿಡಿ ಹತ್ತಿದ್ದು ಬರ್ಗ್‌ಮನ್ನನ ಪ್ಲೇಗಿನ ಕಾಲದ ಒಂದು ಸ್ವೀಡಿಷ್ ಚಿತ್ರ ನೋಡಿದಾಗ, ಅದೂ ಉಪಶೀರ್ಷಿಕೆ ಇಲ್ಲದೆ. ಭಾಷೆ ತಿಳಿಯದ ಚಿತ್ರದಿಂದ ಮಲೆನಾಡಿನ ಅಗ್ರಹಾರ ಎದ್ದು ಬಂದಿತು. ಆದ್ದರಿಂದ ಈಮ್ ಹಳ್ಳಿಯಿಂದ ಶಹಾಪುರ ಹುಟ್ಟಿದರೆ ಅದೇನೂ ಕಳ್ಳತನವಲ್ಲ. ಆದರೆ ಹುಟ್ಟಿದ ಮೇಲೆ ಅದು ಶಹಾಪುರವೇ ಆಗಿರಲಿ. ಈಮ್‌ನವರು ಗಡಿಯನ್ನು ತಾವೇ ಒಪ್ಪಿಕೊಂಡು ಹಾಕಿಕೊಂಡರು. ನಮ್ಮವರ ಮೇಲೆ ಅದು ಕಾಯ್ದೆಯಾಗಿ ಬಿತ್ತು. ಎರಡೂ ಒಂದೇ ಕಣಿವೆಯಲ್ಲ ಅಕ್ಕಾ.

ಹಳೇ ಕಾಗದ:

ಸುಖಾಂತ್ಯದವರ ಕೊನೆಯ ಮಾತಿಗೆ ಪೂರ್ತಿ ಅಂಕ. ಒಂದು ಸೇರಿಸುತ್ತೇನೆ. ಪತ್ರ ಬರೆಸುವ ಯೋಚನೆ ಇದ್ದರೆ, ಆಗ ಅಂಚೆ ಕಾರ್ಡಿಗೆ ಕಾಲಾಣೆ, ಲಕೋಟೆಗೆ ಅರ್ಧಾಣೆ. ಬಡವರು ಕಾರ್ಡು ಬರೆಯುತ್ತಾರೆ, ಕಾರ್ಡನ್ನು ಇಡೀ ಓಣಿ ಓದುತ್ತದೆ. ನಿಮ್ಮ ಪಕ್ಕದ ಗುಡಿಸಲಿನವನಿಗೆ ಓದು ಬರುತ್ತದೆಯೇ ಎಂಬುದನ್ನು ಮೊದಲು ನಿರ್ಧರಿಸಿ.

ಕಣಿಕಿ ಬಣವೆ:

ನನಗೆ ಇತಿಹಾಸ ಬರುವುದಿಲ್ಲ, ಹೊಲ ಬರುತ್ತದೆ. ಗುಡಿಸಲು ಗುಡಿಸಲು ಎನ್ನುತ್ತಿದ್ದೀರಿ, ಯಾವುದರಿಂದ ಕಟ್ಟಿದ್ದು? ವಿಜಯಪುರದ ಕಡೆಯಾದರೆ ಜೋಳದ ಕಣಿಕಿ, ಅಂದರೆ ಒಣದಂಟಿನ ತಟ್ಟಿ. ಬೆಳಗಾವಿಯ ಪಶ್ಚಿಮಕ್ಕೆ ಬಂದರೆ ಬಿದಿರಿನ ತಟ್ಟಿ, ಮೇಲೆ ಭತ್ತದ ಹುಲ್ಲು. ಜೋಳದ ಕಣಿಕಿ ಮಳೆಯಲ್ಲಿ ನೆನೆದರೆ ಎಂಟು ದಿನಕ್ಕೆ ಹುಳಿ ವಾಸನೆ, ಆಮೇಲೆ ಹುಳು. ದನ ಅದನ್ನೇ ಜಗ್ಗಿ ತಿನ್ನುತ್ತವೆ. ರಾತ್ರಿ ಯಾರದೋ ಎತ್ತು ಗೋಡೆಯನ್ನು ತಿಂದು ಒಳಗೆ ತಲೆ ಹಾಕಿದ್ದನ್ನು ನಾನು ಹೊಲ ಕಾಯುವಾಗ ಕಂಡಿದ್ದೇನೆ. ನಿಮ್ಮ ಹುಡುಗ ಹುಡುಗಿಯನ್ನು ಭೇಟಿ ಮಾಡಿಸಲು ಅಷ್ಟು ಕಷ್ಟಪಡಬೇಕಾಗಿಲ್ಲ, ಒಂದು ಎತ್ತು ಸಾಕು.

ಇನ್ನು ನಿಮ್ಮ ಕರಡಿನಲ್ಲಿ ಯಾವ ತಿಂಗಳು? ಉರಿಬಿಸಿಲಿನಲ್ಲಿ ಈ ಬೇನೆ ಇಳಿಯುತ್ತಿತ್ತು, ಮಳೆ ಬಿದ್ದು ತಂಪಾದ ಮೇಲೆ ಏರುತ್ತಿತ್ತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಾಗಾದರೆ ಜೋಳ ಬಿತ್ತುವ ಹೊತ್ತಿಗೆ ಜನ ಹೊಲದಲ್ಲಿ ಮಲಗಿದ್ದಾರೆ. ಬಿತ್ತಲು ಹೊಲ ಬಿಟ್ಟುಕೊಡು ಎಂದು ಹೊಲದ ಒಡೆಯ ಜಗಳಕ್ಕೆ ಬಂದಿರಬೇಕು. ಯಾವ ಕಾದಂಬರಿಯಲ್ಲಿಯೂ ಈ ಜಗಳ ಇರುವುದಿಲ್ಲ.

ರಾತ್ರಿ ಪಾಳಿ:

ಹಿರಿಯರು ಹೇಳಿದ್ದು ಸರಿ. ಬಿಸಿ, ಒಣ ಹವೆಯಲ್ಲಿ ಚಿಗಟಗಳು ಬಾಳುವುದಿಲ್ಲ.

ಶಹಾಪುರದ ಸೊಸೆ:

ನಾಲ್ಕು ದಿನ ಮೌನವಾಗಿದ್ದೆ, ಮುನಿಸಿನಿಂದಲ್ಲ. ಹಂಡೆಯ ಮಾತು ಓದಿದ ದಿನ ಅತ್ತೆಯವರ ಹತ್ತಿರ ಹೋಗಿ ಕುಳಿತೆ. "ತಗ್ಗನ್ನು ಯಾಕೆ ತಿದ್ದಿಸಲಿಲ್ಲ?" ಎಂದು ಕೇಳಿದೆ. ಅವರು ಬಹಳ ಹೊತ್ತು ಅವರೆಕಾಯಿ ಸುಲಿದರು. ಆಮೇಲೆ ಹೇಳಿದರು: "ಕಲಾಯಿಯವನು ಬಂದಾಗಲೆಲ್ಲ ನಮ್ಮ ಮಾವನವರು ತಿದ್ದಿಸೋಣ ಎನ್ನುತ್ತಿದ್ದರು. ಅಜ್ಜಿ ಹಂಡೆಯಲ್ಲಿ ನೀರು ತುಂಬಿ ಕೂಡುತ್ತಿದ್ದರು. ತುಂಬಿದ ಹಂಡೆಯನ್ನು ಯಾರು ಎತ್ತುತ್ತಾರೆ?"

ಇಷ್ಟೇ. ಹುಡುಗ ಯಾರ ಮನೆಯವನು ಎಂದು ಕೇಳಲಿಲ್ಲ. ಕೇಳಬಾರದೆಂದಲ್ಲ, ಅವರಿಗೂ ಗೊತ್ತಿಲ್ಲ ಎಂದು ಮುಖ ನೋಡಿ ತಿಳಿಯಿತು.

ಹಾಸ್ಪಿಟಲ್ ಅಸಿಸ್ಟೆಂಟ್ ಈಗ ನಾಯಕನಲ್ಲ, ಕೌದಿ ಸುಡುವವನು. ನಾಯಕಿಗೆ 20, ಗಂಡ ಹಿಂದಿನ ವರ್ಷದ ಬರದಲ್ಲಿ ದುಡಿಯಲು ಮುಂಬಯಿಗೆ ಹೋದವನು ತಿರುಗಿ ಬಂದಿಲ್ಲ. ಸತ್ತನೋ ಇದ್ದಾನೋ ತಿಳಿಯದು, ಆದ್ದರಿಂದ ಉಡಿಕಿಯ ದಾರಿಯೂ ಅರ್ಧ ತೆರೆದಿದೆ, ಅರ್ಧ ಮುಚ್ಚಿದೆ. ಪಕ್ಕದ ಗುಡಿಸಲು ಪಕ್ಕದಲ್ಲಿಲ್ಲ, ಹಳ್ಳದ ಕೆಳಗಿದೆ. "ಪಕ್ಕದ" ಎಂದದ್ದು ಅಜ್ಜಿಯ ಸುಳ್ಳು ಎಂದು ಇಟ್ಟುಕೊಂಡಿದ್ದೇನೆ. ಹೆಣ ಹೊರುವವರಿಗೆ ಹೆಸರು ಬಂದಿದೆ, ಒಂದಲ್ಲ, ನಾಲ್ಕು. ಹೊಸ ಅಧ್ಯಾಯದ ಒಂದು ತುಣುಕು:

"ಹಂಡೆಯನ್ನು ಅವನು ಎರಡು ಕೈಯಲ್ಲಿ ಎತ್ತಿ ನಿಂತಿದ್ದ. ಕೆಳಗಿಡಬೇಕೋ ಕೊಡಬೇಕೋ ತಿಳಿಯದೆ ನಿಂತಿದ್ದ. ಅತ್ತೆ ಚಕ್ಕಡಿಯ ಮುಂದಿನಿಂದ 'ಅಲ್ಲಿಯೇ ಇಟ್ಟು ಹೋಗು' ಎಂದು ಕೂಗಿದಳು. ಇವಳು ಕೈ ಚಾಚಿದಳು. ತಾಮ್ರ ಬಿಸಿಲಿಗೆ ಕಾದಿತ್ತು. ಆ ರಾತ್ರಿ ಅತ್ತೆ ಹಂಡೆಯನ್ನು ಮೂರು ಸಲ ಬೂದಿ ಹಾಕಿ ತಿಕ್ಕಿಸಿದಳು. ಮೂರು ಸಲವೂ ಇವಳು ತಗ್ಗಿನ ಸುತ್ತ ತಿಕ್ಕಿದಳು, ತಗ್ಗನ್ನು ಮುಟ್ಟಲಿಲ್ಲ. ಮಲಗಿದಾಗ ತಟ್ಟಿಯ ಸಂದಿನಿಂದ ಹಳ್ಳದ ಕೆಳಗಿನ ಒಲೆಯ ಬೆಳಕು ಅವಳ ಕೈಯ ಮೇಲೆ ಬಿದ್ದಿತ್ತು."

ಖಣದ ಅಂಚು:

'ತಗ್ಗನ್ನು ಮುಟ್ಟಲಿಲ್ಲ' ಎಂಬಲ್ಲಿ ನಿಲ್ಲಿಸಿದೆ, ಮತ್ತೆ ಓದಿದೆ. ಜಗಳಕ್ಕೆ ಬಂದವನು ಸುಮ್ಮನೆ ಹೋಗುತ್ತಿದ್ದೇನೆ.

ಕಣಿಕಿ ಬಣವೆ:

ಚೆನ್ನಾಗಿದೆ ಅಕ್ಕಾ. ಆದರೆ ತಟ್ಟಿಯ ಸಂದಿನಿಂದ ಬೆಳಕು ಬರುವುದಿಲ್ಲ. ತಟ್ಟಿ ಕಟ್ಟಿದ ದಿನವೇ ಎರಡೂ ಕಡೆ ಸೆಗಣಿ ಮೆತ್ತುತ್ತಾರೆ, ಗಾಳಿ ಹಾಯದಂತೆ. ಬೆಳಕು ಬರಬೇಕಾದರೆ ಯಾರಾದರೂ ಬೆರಳಿನಿಂದ ತೂತು ಮಾಡಿರಬೇಕು.

ಶಹಾಪುರದ ಸೊಸೆ:

ಸೆಗಣಿ ಒಣಗುವ ಮೊದಲೋ, ಒಣಗಿದ ಮೇಲೋ?

ಕಣಿಕಿ ಬಣವೆ:

ಒಣಗಿದ ಮೇಲೆ ಚುಚ್ಚಿದರೆ ಪೂರ್ತಿ ಹಕ್ಕಳೆ ಉದುರುತ್ತದೆ, ಅತ್ತೆಗೆ ಗೊತ್ತಾಗುತ್ತದೆ. ಹಸಿ ಇರುವಾಗಲೇ ಮಾಡಿರುತ್ತಾಳೆ, ಮೆತ್ತುವ ಕೆಲಸ ಅವಳದ್ದೇ ಅಲ್ಲವೇ.